ಎಂಟು ಡಿಗ್ರಿ ಸುಳ್ಳು

1

ಎಲ್ಲಿಂದ ಶುರು ಮಾಡಲಿ, ಹೇಳಿ? ನಾಲ್ಕು ದಿನದಿಂದ ಇದೇ ಗೋಳು. ಮೊದಲ ಕರಡು ಹೀಗಿತ್ತು: "ಎಂಜಿನ್ನಿನಲ್ಲಿ ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚೆಂದರೆ ಮೂರರಲ್ಲೊಂದು ಪಾಲು ಚಕ್ರಕ್ಕೆ ತಲುಪುತ್ತದೆ. ಉಳಿದದ್ದೆಲ್ಲ ಬಿಸಿ. ಆ ಬಿಸಿಯನ್ನು ಹೊರಗೆ ಹಾಕುವುದೇ..." ಇಷ್ಟು ಬರೆದು ಹೆಮ್ಮೆಯಿಂದ ಹೆಂಡತಿಗೆ ತೋರಿಸಿದೆ.

"ಪಾಠ ಚೆನ್ನಾಗಿದೆ ರೀ," ಅಂದಳು. "ಪರೀಕ್ಷೆ ಯಾವತ್ತು?"

ಹರಿದು ಹಾಕಿದೆ.

2

ಎರಡನೆಯ ಕರಡನ್ನು ಶಬ್ದದಿಂದ ಶುರು ಮಾಡಿದೆ. ವ್ರೂಂಂಂಂ ಅಂತ ಒಂದು ಸಾಲು ತುಂಬ ಬರೆದೆ. ಈ ಸಲ ತಂಗಿ ಓದಿದಳು. ಗಾಡಿ ಓಡಿಸುವವಳು ಅವಳೇ.

"ಅಣ್ಣಾ, ನಮ್ಮ ಗಾಡಿ ಯಾವತ್ತಾದ್ರೂ ಹೀಗೆ ಕೂಗಿದೆಯಾ? ಅದಕ್ಕೆ ಹುಟ್ಟಿದಾಗಿಂದ ಗಂಟಲು ಕಟ್ಟಿದೆ."

ಅದೂ ನಿಜವೇ. ಹಸಿರು ಬಣ್ಣ ಮಾಸಿದ, ಹದಿಮೂರು ನೂರು ಸಿಸಿಯ, ಇಪ್ಪತ್ತೆರಡು ವರ್ಷದ ಪುಟ್ಟ ಕಾರು ಅದು. ಹಿಂದಿನ ಸೀಟು ಇಲ್ಲ, ಕಾರ್ಪೆಟ್ ಇಲ್ಲ, ಹಾರ್ನ್ ಕೂಡ ಇಲ್ಲ. ಕೆಮ್ಮುತ್ತಾ ಶುರುವಾಗುತ್ತದೆ, ಆರು ಸಾವಿರ ಆರ್‌ಪಿಎಮ್ ದಾಟಿದ ಮೇಲೆ ಮೈಮೇಲೆ ಏನೋ ಬಂದ ಹಾಗೆ ಕಿರುಚುತ್ತದೆ.

2 (ಇನ್ನೊಂದು ಸಲ)

ಸರಿ, ಜನರಿಂದಲೇ ಶುರು ಮಾಡೋಣ. ಇರುವವರೇ ಮೂವರು, ಗೊಂದಲವಾಗುವ ಭಯವಿಲ್ಲ.

ತಂಗಿಗೆ ನಲವತ್ತೊಂದು. ವಾರದಲ್ಲಿ ಐದು ದಿನ ಶಾಲಾ ವ್ಯಾನ್ ಓಡಿಸುತ್ತಾಳೆ, ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಿದರೆ ಪೋಷಕರು ಫೋನ್ ಮಾಡುತ್ತಾರೆ. ಭಾನುವಾರ ಟ್ರ್ಯಾಕಿಗೆ ಹೋಗಿ ಐದು ದಿನದ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸಿಕೊಳ್ಳುತ್ತಾಳೆ.

ಹೆಂಡತಿ, ಅಂದರೆ ತಂಗಿಗೆ ಅತ್ತಿಗೆ, ಅಳತೆಯ ಸಾಧನಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ತಕ್ಕಡಿ, ಥರ್ಮಾಮೀಟರ್, ಪ್ರೆಶರ್ ಗೇಜು ಎಲ್ಲ ಇವಳ ಮುಂದೆ ಬಂದು ನಿಲ್ಲಬೇಕು. ಸರಿಯಿದ್ದರೆ ಸೀಲು, ಇಲ್ಲದಿದ್ದರೆ ವಾಪಸ್ಸು. ಮನೆಯಲ್ಲಿ ಗಾಡಿಯ ಟ್ಯೂನಿಂಗ್ ಇವಳದೇ. ಲ್ಯಾಪ್‌ಟಾಪನ್ನು ಎಂಜಿನ್ನಿನ ಕಂಪ್ಯೂಟರಿಗೆ ಸಿಕ್ಕಿಸಿ, ಯಾವ ವೇಗದಲ್ಲಿ ಎಷ್ಟು ಪೆಟ್ರೋಲು ಹೋಗಬೇಕು, ಕಿಡಿ ಯಾವ ಕ್ಷಣದಲ್ಲಿ ಹಾರಬೇಕು ಎಂದು ತೀರ್ಮಾನ ಮಾಡುವವಳು.

ನಾನು ಕಥೆಗಾರ. ಅಂದರೆ ಗ್ಯಾರೇಜಿನಲ್ಲಿ ಟಾರ್ಚ್ ಹಿಡಿಯುವವನು.

("ಅದನ್ನೂ ನೆಟ್ಟಗೆ ಹಿಡಿಯಲ್ಲ" ಅಂತ ಸೇರಿಸಬೇಕಂತೆ. ಸೇರಿಸಿದ್ದೇನೆ.)

3

ಈಗ ಕಾಯಿಲೆಯ ವಿಚಾರ. ನಮ್ಮ ಗಾಡಿ ರಸ್ತೆಯಲ್ಲಿ ಸಾಧು. ಟ್ರ್ಯಾಕಿನಲ್ಲಿ ಮೂರು ಸುತ್ತು ಜೋರಾಗಿ ಓಡಿದರೆ ಜ್ವರ. ನೀರು ನೂರು ಡಿಗ್ರಿ ದಾಟುತ್ತದೆ. ಮುಚ್ಚಳ ಬಿಗಿಯಾಗಿದ್ದು ಒಳಗೆ ಒತ್ತಡ ಇರುವುದರಿಂದ ಕುದಿಯುವುದಿಲ್ಲ, ಆದರೆ ನೂರಾಹನ್ನೆರಡು ಆದರೆ ಆಕ್ಸಿಲರೇಟರಿನಿಂದ ಕಾಲೆತ್ತಬೇಕು. ನೂರಾಹದಿನೆಂಟು ಆದರೆ ಹೆಡ್ ಗ್ಯಾಸ್ಕೆಟ್ ಸುಟ್ಟು, ಹೆಡ್ ಸೊಟ್ಟಗಾಗಿ, ಎಂಜಿನ್ ಗೋವಿಂದ.

ಅದಕ್ಕೆ ನಾವು ಮಾಡದ ಮದ್ದಿಲ್ಲ. ದೊಡ್ಡ ರೇಡಿಯೇಟರ್ ಹಾಕಿದೆವು, ಎರಡೇ ಡಿಗ್ರಿ ಇಳಿಯಿತು. ಬುದ್ಧಿವಂತಿಕೆ ತೋರಿಸಲು ನಾನು ನೀರಿನ ಹರಿವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟನ್ನೇ ಕಿತ್ತು ಹಾಕಿದೆ. ನೀರು ಹೆಂಗೆಂಗೋ ಓಡಾಡಿ ಇನ್ನೂ ಬಿಸಿಯಾಯಿತು. ಬೈಸಿಕೊಂಡು ವಾಪಸ್ಸು ಹಾಕಿದೆ. ಆಮೇಲೆ ಹೆಂಡತಿ ಒಂದು ದಿನ ಬಂಪರ್ ಮುಂದೆ ಮೊಣಕಾಲೂರಿ ಕೂತು, ಅಗರಬತ್ತಿ ಹಚ್ಚಿ, ಟೇಬಲ್ ಫ್ಯಾನ್ ಹಾಕಿ, ಹೊಗೆ ಎಲ್ಲಿ ಹೋಗುತ್ತದೆ ಎಂದು ಅರ್ಧ ಗಂಟೆ ನೋಡಿದಳು.

"ರೇಡಿಯೇಟರ್ ದೊಡ್ಡದಾದ್ರೇನು ಬಂತು? ಗಾಳಿ ಅದರೊಳಗೆ ಹೋಗ್ತಾನೇ ಇಲ್ಲ. ಪಕ್ಕದಲ್ಲಿ ಸಂದಿ ಇದೆ, ಅಲ್ಲಿಂದ ನುಸುಳಿಕೊಂಡು ಹೋಗ್ತಿದೆ. ಸುಲಭದ ದಾರಿ ಇರೋವಾಗ ಕಷ್ಟದ ದಾರೀಲಿ ಯಾಕೆ ಹೋಗುತ್ತೆ?"

ಹಾಗಾಗಿ ರೇಡಿಯೇಟರಿನ ಸುತ್ತಲ ಸಂದಿಗೆಲ್ಲ ಫೋಮ್ ತುರುಕಿದೆವು. ಫೋಮ್ ಎಲ್ಲಿಂದ ಬಂತು ಎಂದು ಕೇಳಬೇಡಿ. ಆ ವಾರದಿಂದ ನನ್ನ ಹಾಸಿಗೆಯ ಕಾಲ ಕಡೆ ಒಂದು ಗೇಣು ಕಡಿಮೆ. ಬಾನೆಟ್ಟಿನಲ್ಲಿ ಬಿಸಿಗಾಳಿ ಹೋಗಲು ಕಿಂಡಿ ಕೊರೆದೆವು. ಅಷ್ಟೂ ಸಾಲದಾದಾಗ ತಂಗಿ ಕಾರಿನೊಳಗಿನ ಹೀಟರನ್ನು ಪೂರ್ತಿ ತಿರುಗಿಸಿ ಓಡಿಸುತ್ತಾಳೆ. ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರ್ ತಾನೇ? ಎಂಜಿನ್ನಿನ ಬಿಸಿಯಲ್ಲಿ ಸ್ವಲ್ಪ ಅವಳ ಕಾಲಿಗೆ ಬರುತ್ತದೆ. ಬೇಸಿಗೆಯ ಮಧ್ಯಾಹ್ನ, ಬೆಂಕಿ ತಡೆಯುವ ದಪ್ಪ ಸೂಟು, ಹೆಲ್ಮೆಟ್ಟು, ಮೇಲೆ ಹೀಟರ್. ಇಳಿದಾಗ ಬೆಂದ ಬದನೆಕಾಯಿಯ ಹಾಗಿರುತ್ತಾಳೆ, ಹಲ್ಲು ಮಾತ್ರ ಕಿಸಿದಿರುತ್ತಾಳೆ.

4

ಇಷ್ಟೆಲ್ಲ ಯಾಕೆ ಅಂತೀರಾ? ಮೊನ್ನೆಯ ಭಾನುವಾರಕ್ಕಾಗಿ.

ನಮ್ಮ ಕ್ಲಬ್ಬಿನ ರೇಸಿಗೆ ಹೊಸಬರು ಸೇರಬೇಕಾದರೆ, ಅರ್ಹತೆಯ ದಿನ ಒಂದು ಸುತ್ತನ್ನು ಎರಡು ನಿಮಿಷದೊಳಗೆ ಮುಗಿಸಬೇಕು. ಒಂದೇ ಅವಕಾಶ, ಹದಿನೈದು ನಿಮಿಷ. ಮಧ್ಯೆ ಒಳಗೆ ಬಂದರೆ ಮತ್ತೆ ಹೊರಗೆ ಬಿಡುವುದಿಲ್ಲ. ಮುಂದಿನ ವರ್ಷದಿಂದ ಹದಿಮೂರು ನೂರು ಸಿಸಿಯ ವಿಭಾಗವನ್ನೇ ತೆಗೆದುಹಾಕುತ್ತಿದ್ದಾರೆ. ಅಂದರೆ ತಂಗಿ ರೇಸು ಓಡಿಸಬೇಕೆಂದರೆ ಈ ವರ್ಷ, ಈ ಗಾಡಿ, ಈ ಹದಿನೈದು ನಿಮಿಷ. ಇನ್ನೊಂದು ಎಂಜಿನ್ ಇಲ್ಲ. ಎರಡು ನಿಮಿಷದೊಳಗೆ ಬಂದು ಎಂಜಿನ್ ಸುಟ್ಟರೂ ರೇಸಿಲ್ಲ, ಎಂಜಿನ್ ಉಳಿಸಿಕೊಂಡು ಸಮಯ ತಪ್ಪಿದರೂ ರೇಸಿಲ್ಲ. ಅವಳಿಗೆ ಎರಡೂ ಬೇಕು.

ಇಷ್ಟು ಗೊತ್ತಿದ್ದರೆ ಕಥೆಗೆ ಸಾಕು. (ಸಾಲದು. ಸುಳ್ಳಿನ ವಿಷಯ ಇನ್ನೂ ಬಂದಿಲ್ಲ. ಅದನ್ನು ಮುಂದೂಡಲೆಂದೇ ಹಾಸಿಗೆ, ಬದನೆಕಾಯಿ ಅಂತ ಸುತ್ತಾಡಿಸುತ್ತಿದ್ದೆ.)

4½

ಮೂರು ವರ್ಷದ ಹಿಂದೆ, ಸ್ಟೀರಿಂಗಿನ ಹಿಂದೆ ಹೊಸ ಪರದೆ ಕೂರಿಸಿದ ದಿನ, ನನ್ನ ಹೆಂಡತಿ ಒಂದು ಕೆಲಸ ಮಾಡಿದಳು. ನೀರಿನ ಬಿಸಿ ತೋರಿಸುವ ಅಂಕಿಗೆ ಎಂಟು ಸೇರಿಸಿಬಿಟ್ಟಳು. ನಿಜವಾಗಿ ನೂರಿದ್ದರೆ ಪರದೆ ನೂರಾಎಂಟು ಅನ್ನುತ್ತದೆ. ಎಂಜಿನ್ನಿನ ಕಂಪ್ಯೂಟರಿಗೆ ನಿಜ ಗೊತ್ತು, ಲ್ಯಾಪ್‌ಟಾಪಿಗೆ ನಿಜ ಗೊತ್ತು. ತಂಗಿಗೆ ಮಾತ್ರ ಸುಳ್ಳು.

ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವ ಮನೆಗಳಿರುತ್ತವಲ್ಲ, ಹಾಗೆ.

"ನಿಮ್ಮ ತಂಗಿ ನಿಮಗೆ ಗೊತ್ತಲ್ಲ," ಅಂದಿದ್ದಳು ಆವತ್ತು. "ನೂರಾಹನ್ನೆರಡಕ್ಕೆ ಕಾಲೆತ್ತು ಅಂದ್ರೆ, ಇನ್ನೊಂದು ತಿರುವು, ಇನ್ನೊಂದು ತಿರುವು ಅಂತ ನೂರಾಇಪ್ಪತ್ತಕ್ಕೆ ಹೋಗಿ ನಿಲ್ಲಿಸ್ತಾಳೆ. ಎಂಟು ಡಿಗ್ರಿ ಅವಳ ಹಟಕ್ಕೆ ಅಂತ ಇಟ್ಟಿದೀನಿ. ನೀವು ಬಾಯಿ ಬಿಡಬೇಡಿ."

ದಿನವಿಡೀ ಊರಿನವರ ಥರ್ಮಾಮೀಟರಿಗೆ ಸೀಲು ಹಾಕುವವಳು! ನಾನು ಬಾಯಿ ಬಿಡಲಿಲ್ಲ.

5

ಎರಡೇ ತಿಂಗಳಿಗೆ ತಂಗಿಗೆ ಗೊತ್ತಾಯಿತು. ಹೇಗೆ ಗೊತ್ತಾ? ಒಂದು ಬೆಳಿಗ್ಗೆ, ವಾರವಿಡೀ ನಿಂತಿದ್ದ ಗಾಡಿಯ ಕೀ ತಿರುಗಿಸಿದಳು. ಎಂಜಿನ್ ಶುರುವಾಗುವ ಮುಂಚೆ ಪರದೆಯಲ್ಲಿ ಮೂವತ್ತೆರಡು. ಗ್ಯಾರೇಜಿನ ಗೋಡೆಯ ಥರ್ಮಾಮೀಟರಿನಲ್ಲಿ ಇಪ್ಪತ್ತನಾಲ್ಕು. ವಾರ ನಿಂತ ಗಾಡಿಯ ನೀರು ಗೋಡೆಗಿಂತ ಬಿಸಿಯಾಗಿರಲು ಅದೇನು ಒಲೆಯ ಮೇಲಿತ್ತಾ?

ನನ್ನನ್ನು ಪಕ್ಕಕ್ಕೆ ಕರೆದಳು.

"ಅತ್ತಿಗೆ ಎಂಟು ಸೇರಿಸಿದಾರೆ ಅಲ್ವಾ?"

ನಾನು ಟಾರ್ಚ್ ಒರೆಸತೊಡಗಿದೆ. ಅದೇ ಉತ್ತರವಾಯಿತು.

"ಹೇಳ್ಬೇಡ ಅವರಿಗೆ. ನನ್ನ ಒಳ್ಳೇದಕ್ಕೆ ತಾನೇ ಮಾಡಿರೋದು, ಗೊತ್ತಾದ್ರೆ ನಾಚ್ಕೋತಾರೆ. ನಾನು ಎಂಟು ಕಳೆದು ಓದ್ಕೋತೀನಿ ಬಿಡು."

ಮೂರು ವರ್ಷ ಹೀಗೇ ನಡೆಯಿತು. ಒಬ್ಬಳು ಕೂಡಿಸುತ್ತಾಳೆ, ಇನ್ನೊಬ್ಬಳು ಕಳೆಯುತ್ತಾಳೆ. ಲೆಕ್ಕ ಸರಿಹೋಗುತ್ತದೆ. ತಂಗಿ ಪರದೆಯಲ್ಲಿ ನೂರಾಇಪ್ಪತ್ತು ಬಂದಾಗ ಕಾಲೆತ್ತುತ್ತಾಳೆ, ಅದು ನಿಜದಲ್ಲಿ ನೂರಾಹನ್ನೆರಡು. ಅತ್ತಿಗೆ ಮನೆಯಲ್ಲಿ ಲಾಗ್, ಅಂದರೆ ಎಂಜಿನ್ನಿನ ಕಂಪ್ಯೂಟರ್ ಬರೆದಿಟ್ಟ ದಾಖಲೆ, ನೋಡಿ "ನೂರಾಹನ್ನೆರಡಕ್ಕೇ ನಿಲ್ಲಿಸ್ತಾಳೆ ನೋಡಿ, ನನ್ನ ಉಪಾಯ ಹೇಗಿದೆ!" ಅಂತ ಬೀಗುತ್ತಾಳೆ. ನಡುವೆ ನಾನೊಬ್ಬ, ಎರಡೂ ಗುಟ್ಟನ್ನು ಹೊಟ್ಟೆಗೆ ಹಾಕಿಕೊಂಡು, ಟಾರ್ಚ್ ಹಿಡಿದು.

6

ಭಾನುವಾರ ಬೆಳಿಗ್ಗೆ ಹೆಂಡತಿ ಲ್ಯಾಪ್‌ಟಾಪ್ ಮುಚ್ಚಿ, ಕಣ್ಣು ಒರೆಸಿಕೊಂಡು ಅಡುಗೆಮನೆಗೆ ಬಂದಳು.

"ತೆಗೆದುಬಿಟ್ಟೆ."

"ಏನನ್ನ?"

"ಆ ಎಂಟನ್ನ. ಇವತ್ತು ಅವಳಿಗೆ ಅಷ್ಟು ದೊಡ್ಡ ದಿನ. ಸುಳ್ಳು ಮೀಟರ್ ಕೊಟ್ಟು ಕಳಿಸೋಕೆ ಮನಸ್ಸು ಬರಲಿಲ್ಲ ರೀ. ಕಾಲು ಯಾವಾಗ ಎತ್ತಬೇಕು ಅಂತ ಅವಳಿಗೆ ಗೊತ್ತು, ಅಷ್ಟು ನಂಬಿಕೆ ನನಗೆ ಬಂದಿದೆ. ಹೇಳ್ಬೇಡಿ ಅವಳಿಗೆ, ಹೇಳಿದ್ರೆ ಮೂರು ವರ್ಷದ್ದೂ ಹೇಳ್ಬೇಕಾಗುತ್ತೆ."

ಓದುಗರೇ, ಈಗ ಸ್ವಲ್ಪ ನಿಲ್ಲಿ. ನಿಮಗೆ ಅರ್ಥವಾಯಿತಲ್ಲ? ಇನ್ನು ಕೂಡಿಸುವವರಿಲ್ಲ, ಕಳೆಯುವವಳು ಇದ್ದಾಳೆ. ಪರದೆ ನೂರಾಇಪ್ಪತ್ತು ತೋರಿಸುವ ತನಕ ತಂಗಿ ಕಾಲೆತ್ತುವುದಿಲ್ಲ. ನೂರಾಹದಿನೆಂಟಕ್ಕೆ ಎಂಜಿನ್ ಗೋವಿಂದ.

ನನಗೂ ಅಷ್ಟೇ ಬೇಗ ಅರ್ಥವಾಯಿತು. ಕೈಯಲ್ಲಿದ್ದ ಲೋಟ ಕೈಯಲ್ಲೇ ನಿಂತಿತು.

7 (ಇದನ್ನು ಐದು ಸಲ ಬರೆದಿದ್ದೇನೆ)

ನಾನು ಯಾಕೆ ಹೇಳಲಿಲ್ಲ?

ಕರಡು ಒಂದು: "ಗಡಿಬಿಡಿಯಲ್ಲಿ ಹೇಳಲು ಸಮಯವೇ ಸಿಗಲಿಲ್ಲ." ಹೆಂಡತಿ ಕೆಂಪು ಪೆನ್ನಿನಲ್ಲಿ ಗೀಟು ಎಳೆದು ಪಕ್ಕದಲ್ಲಿ ಬರೆದಳು: ಟ್ರ್ಯಾಕಿಗೆ ಮುಕ್ಕಾಲು ಗಂಟೆ ದಾರಿ. ಗಾಡಿಯನ್ನು ಹಿಂದೆ ಕಟ್ಟಿಕೊಂಡು ಮೂವರೂ ಒಂದೇ ಜೀಪಿನಲ್ಲಿದ್ದೆವು. ನೀವು ಕಿಟಕಿ ಆಚೆ ನೋಡ್ತಾ ಇದ್ರಿ.

ಕರಡು ಎರಡು: "ಇಬ್ಬರಿಗೂ ಕೊಟ್ಟ ಮಾತನ್ನು ಮುರಿಯಲಾಗದ ಧರ್ಮಸಂಕಟ." ತಂಗಿ ಇದನ್ನು ಓದಿ ಎಷ್ಟು ನಕ್ಕಳೆಂದರೆ ಬಿಕ್ಕಳಿಕೆ ಹತ್ತಿತು.

ಮೂರು, ನಾಲ್ಕು ಹೇಳುವ ಹಾಗೂ ಇಲ್ಲ.

ಐದು: ಲೋಟ ಕೆಳಗಿಟ್ಟ ಮೇಲೆ ನಾನು ಮೊದಲು ಮಾಡಿದ ಕೆಲಸವೆಂದರೆ ಜೇಬಿನಿಂದ ನೋಟ್‌ಬುಕ್ ತೆಗೆದು "ಎಂಥಾ ಕಥೆ!" ಎಂದು ಬರೆದುಕೊಂಡದ್ದು. ಹೇಳಿಬಿಟ್ಟರೆ ಇಬ್ಬರೂ ನಗುತ್ತಾರೆ, ಮುಗಿಯಿತು. ಹೇಳದಿದ್ದರೆ ಏನಾಗುತ್ತದೆ? ನೋಡೋಣ, ಇನ್ನೂ ಸಮಯವಿದೆ, ಹೊರಡುವ ಮುಂಚೆ ಹೇಳಿದರಾಯಿತು, ಹೆಲ್ಮೆಟ್ ಹಾಕುವ ಮುಂಚೆ ಹೇಳಿದರಾಯಿತು. ನನಗೆ ಖುಷಿಯಾಗುತ್ತಿತ್ತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಎದೆ ಡವಡವ ಅನ್ನುತ್ತಿತ್ತು, ಒಳ್ಳೆಯ ಕಥೆ ಕೈಗೆ ಸಿಕ್ಕಿದಾಗ ಆಗುವ ಹಾಗೆ.

ಈ ಕರಡಿಗೆ ಯಾರೂ ಗೀಟು ಎಳೆದಿಲ್ಲ.

8

ಟ್ರ್ಯಾಕು! ಬಿಸಿಲಿಗೆ ಕರಗಿದ ಟಾರಿನ ವಾಸನೆ, ಸುಟ್ಟ ಬ್ರೇಕಿನ ವಾಸನೆ, ಎಲ್ಲಿ ನೋಡಿದರೂ ಬಾನೆಟ್ ತೆರೆದು ಬಾಯಿ ಕಳೆದು ನಿಂತ ಗಾಡಿಗಳು. ಸಾಲಾಗಿ ನಿಲ್ಲಿಸಿ ಒಂದೊಂದನ್ನೇ ಬಿಡುತ್ತಿದ್ದರು. ಸಮಯ ಬರೆಯಲು ಸ್ಟಾಪ್‌ವಾಚ್ ಮೇಷ್ಟ್ರು ಕೂತಿದ್ದರು. ನಿವೃತ್ತ ಗಣಿತದ ಮೇಷ್ಟ್ರು, ಕಂಪ್ಯೂಟರ್ ಇದ್ದರೂ ಪಕ್ಕದಲ್ಲಿ ತಮ್ಮದೊಂದು ಸ್ಟಾಪ್‌ವಾಚ್ ಇಟ್ಟುಕೊಳ್ಳುವವರು.

ತಂಗಿ ಹೆಲ್ಮೆಟ್ ಹಾಕಿಕೊಂಡಳು. ನಾನು ಬೆಲ್ಟ್ ಬಿಗಿದೆ. ಈಗ ಹೇಳಬೇಕು. ಬಾಯಿ ತೆರೆದೆ.

"ಆಲ್ ದಿ ಬೆಸ್ಟ್," ಅಂದೆ.

ಹೊರಟೇ ಬಿಟ್ಟಳು.

ನಮ್ಮ ವಿಭಾಗದಲ್ಲಿ ರೇಡಿಯೋ ಇಲ್ಲ, ಓಡಿಸುವವರ ಹತ್ತಿರ ಫೋನ್ ಇರುವ ಹಾಗಿಲ್ಲ. ಮಾತಾಡಬೇಕೆಂದರೆ ಪಿಟ್ ಬೋರ್ಡು ಒಂದೇ: ಉದ್ದ ಕೋಲಿನ ತುದಿಯಲ್ಲಿ ಕಪ್ಪು ಹಲಗೆ, ಅದರಲ್ಲಿ ಹಳದಿ ಅಂಕಿಗಳನ್ನು ಸಿಕ್ಕಿಸಿ ಗೋಡೆಯಾಚೆ ಚಾಚಬೇಕು. ಎರಡು ನಿಮಿಷಕ್ಕಿಂತ ಎಷ್ಟು ಸೆಕೆಂಡ್ ಹೆಚ್ಚಾಯಿತು ಎಂದು ಪ್ರತಿ ಸುತ್ತಿಗೂ ತೋರಿಸುವುದು ನಮ್ಮ ಪದ್ಧತಿ. ಮೊದಲ ಜೋರು ಸುತ್ತು ಎರಡು ನಿಮಿಷ ಮೂರು ಸೆಕೆಂಡ್. ಹೆಂಡತಿ +3 ಚಾಚಿದಳು. ಎರಡನೆಯದು +1. ಅಯ್ಯಯ್ಯೋ, ಏನು ಓಡಿಸುತ್ತಿದ್ದಾಳೆ! ಕೊನೆಯ ತಿರುವಿನಿಂದ ಗಾಡಿ ಹೊರಬರುವಾಗ ಒಳಗಿನ ಹಿಂಚಕ್ರ ನೆಲ ಬಿಟ್ಟು ಮೇಲೆದ್ದಿತ್ತು. ಶಾಲಾ ವ್ಯಾನಿನ ಪೋಷಕರು ನೋಡಬೇಕಿತ್ತು.

"ಇಷ್ಟು ಚೆನ್ನಾಗಿ ಯಾವತ್ತೂ ಓಡಿಸಿಲ್ಲ ರೀ!" ಹೆಂಡತಿ ನನ್ನ ತೋಳನ್ನು ಹಿಂಡುತ್ತಿದ್ದಳು. "ಈಗ ನೂರಾಆರು, ನೂರಾಏಳು ಇರಬಹುದು. ಇನ್ನೊಂದು ಸುತ್ತಿಗೆ ಅವಳೇ ಕಾಲೆತ್ತಿ ತಣ್ಣಗೆ ಮಾಡ್ಕೋತಾಳೆ. ಆಮೇಲೆ ಕೊನೇದರಲ್ಲಿ ಹೊಡೀತಾಳೆ ನೋಡಿ."

"ಎತ್ತಲ್ಲ," ಅಂದೆ.

"ಏನು?"

"ಅವಳು ಎಂಟು ಕಳೀತಾಳೆ. ಮೂರು ವರ್ಷದಿಂದ ಗೊತ್ತು ಅವಳಿಗೆ."

ಹೆಂಡತಿ ನನ್ನ ತೋಳು ಬಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಹಲಗೆಯ ಅಂಕಿಗಳ ಡಬ್ಬಕ್ಕೆ ಕೈ ಹಾಕಿದಳು.

9

"ಒಳಗೆ ಕರೆದುಬಿಡು," ಅಂದೆ ನಾನು.

"ಕರೆದ್ರೆ ಮುಗೀತು, ಮತ್ತೆ ಬಿಡಲ್ಲ. ಅಕ್ಷರಗಳ ಡಬ್ಬ ಎಲ್ರೀ?"

ಅಕ್ಷರಗಳ ಡಬ್ಬ ಮನೆಯಲ್ಲಿತ್ತು. ತರಬೇಕಾದವನು ನಾನು. ಅಕ್ಷರ ನನ್ನ ಇಲಾಖೆ.

ಅಂಕಿಗಳಿದ್ದವು, ಕೂಡಿಸುವ ಚಿಹ್ನೆ, ಕಳೆಯುವ ಚಿಹ್ನೆ. ನೀವೇ ಹೇಳಿ, ಬರೀ ಅಂಕಿಯಲ್ಲಿ "ನಾನೀಗ ಸುಳ್ಳು ಹೇಳುತ್ತಿಲ್ಲ" ಎಂದು ಹೇಗೆ ಹೇಳುತ್ತೀರಿ? ಹೆಂಡತಿ ಒಂದು ಕ್ಷಣ ಯೋಚಿಸಿ ಎರಡು ತುಂಡು ಸಿಕ್ಕಿಸಿದಳು: +0. ಏನೂ ಸೇರಿಸಿಲ್ಲ ಎಂದು ಅರ್ಥ. ಮೂರನೆಯ ಸುತ್ತು ಮುಗಿಸಿ ಬರುತ್ತಿದ್ದ ತಂಗಿಯ ಎದುರು ಗೋಡೆಯಿಂದ ಅರ್ಧ ಮೈ ಆಚೆ ಚಾಚಿ ಹಿಡಿದಳು.

ತಂಗಿ ನೋಡಿದಳು. ಕಿಟಕಿಯಿಂದ ಹೆಬ್ಬೆರಳು ಎತ್ತಿದಳು. ಗೇರು ಬದಲಿಸಿ ಇನ್ನೂ ಜೋರಾಗಿ ಹೋದಳು.

"ಅಯ್ಯೋ ನನ್ನ ಕರ್ಮವೇ!" ಹೆಂಡತಿ ಹಣೆ ಚಚ್ಚಿಕೊಂಡಳು. "ಸೊನ್ನೆ ಸೆಕೆಂಡ್ ಅಂದ್ಕೊಂಡ್ಳು! ಎರಡು ನಿಮಿಷಕ್ಕೆ ಸರಿಯಾಗಿ ಬಂದಿದೀಯ, ಇನ್ನೊಂಚೂರು ಒತ್ತು ಅಂತ ಓದ್ಕೊಂಡ್ಳು!"

(ಇಲ್ಲಿ ನಾನು ಕರಡಿನಲ್ಲಿ ಅರ್ಥ ಮತ್ತು ಭಾಷೆಯ ಬಗ್ಗೆ ಒಂದೂವರೆ ಪುಟ ಬರೆದಿದ್ದೆ. ತಂಗಿ ಹೇಳಿದಳು, "ನಾನು ಅಲ್ಲಿ ಬೇಯ್ತಾ ಇದೀನಿ, ನೀನು ಇಲ್ಲಿ ಭಾಷಣ ಮಾಡ್ತಿದೀಯಾ?" ತೆಗೆದಿದ್ದೇನೆ.)

10

ಎರಡು ನಿಮಿಷ ಇತ್ತು, ತಂಗಿ ಮತ್ತೆ ನಮ್ಮ ಮುಂದೆ ಹಾದುಹೋಗಲು. ಹೆಂಡತಿ ಹಲಗೆ ಹಿಡಿದುಕೊಂಡು ಕಣ್ಣು ಮುಚ್ಚಿದಳು.

"ಕಳೆದ ತಿಂಗಳು, ಇದೇ ನಾಲ್ಕನೇ ಸುತ್ತಿನ ಕೊನೇಲಿ ಎಷ್ಟಿತ್ತು? ಲಾಗಲ್ಲಿ ನೋಡಿ, ಬೇಗ!"

ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲೆ ಕುಣಿಯುತ್ತಿತ್ತು. "ನೂರಾಹನ್ನೆರಡು. ನಿಜದ್ದು."

"ಆವತ್ತು ಗಾಳಿ?"

"ಇಪ್ಪತ್ತೆಂಟು."

"ಇವತ್ತು ಮೂವತ್ತೊಂದು. ಮೂರು ಸೇರಿಸಿ. ಆವತ್ತಿಗಿಂತ ಜೋರಾಗಿ ಹೊಡೀತಿದಾಳೆ, ಇನ್ನೊಂದು. ಆಮೇಲೆ ಹೊಸ ಫೋಮ್ ಹಾಕಿದೀವಿ, ಒಂದು ಕಳೀರಿ." ಕಣ್ಣು ತೆರೆದಳು. "ನೂರಾಹದಿನೈದು."

ಅವಳ ಉಪಾಯ ಆಗ ನನಗೆ ಹೊಳೆಯಿತು. ಕುಣಿಯುವ ಹಾಗಾಯಿತು! ತಂಗಿಯ ಪರದೆಯಲ್ಲಿ ಈಗ ಏನಿದೆಯೋ ಅದೇ ಅಂಕಿಯನ್ನು ಬೋರ್ಡಿನಲ್ಲಿ ತೋರಿಸುವುದು. ಅತ್ತಿಗೆ ಲಾಗ್ ನೋಡಿ ಲೆಕ್ಕ ಹಾಕುವುದು ಯಾವಾಗಲೂ ನಿಜವಾದ ಬಿಸಿಯನ್ನೇ ಎಂದು ತಂಗಿಗೆ ಗೊತ್ತು. ಪರದೆಯಲ್ಲೂ ಅದೇ, ಬೋರ್ಡಿನಲ್ಲೂ ಅದೇ ಇದ್ದರೆ, ಎಂಟು ಎಲ್ಲಿ ಹೋಯಿತು ಎಂದು ಅವಳು ಯೋಚಿಸಲೇಬೇಕು. ಆದರೆ ಒಂದೇ ಒಂದು ಡಿಗ್ರಿ ಆಚೀಚೆಯಾದರೂ ಅದು ಅವಳಿಗೆ ಅರ್ಥವಿಲ್ಲದ ಅಂಕಿ. ಲ್ಯಾಬಿನಲ್ಲಿ ಕೂಡ ಯಾರೂ ಥರ್ಮಾಮೀಟರನ್ನು ನೋಡದೆ ಡಿಗ್ರಿ ಹೇಳುವುದಿಲ್ಲ.

ಗಾಡಿ ಕೊನೆಯ ತಿರುವಿನಲ್ಲಿ ಕಾಣಿಸಿತು. 115 ಹಳದಿಯಾಗಿ ಗೋಡೆಯಾಚೆ ನಿಂತಿತು. ತಂಗಿ ನಮ್ಮ ಮುಂದೆ ಹಾದುಹೋದಳು. ಸ್ಟಾಪ್‌ವಾಚ್ ಮೇಷ್ಟ್ರು ಕೂಗಿದರು: "ಎರಡು ನಿಮಿಷ, ಸೊನ್ನೆ ಬಿಂದು ಸೊನ್ನೆ ನಾಲ್ಕು!"

ನೂರರಲ್ಲಿ ನಾಲ್ಕು ಪಾಲು ಸೆಕೆಂಡಿಗೆ ತಪ್ಪಿತು. ಅವಳಿಗೂ ಅದು ಸೀಟಿನಲ್ಲೇ ಗೊತ್ತಾಗಿರುತ್ತದೆ. ಈಗ ಕಾಲೆತ್ತು ಅಂದರೆ ಯಾರು ಎತ್ತುತ್ತಾರೆ?

11

ಲೇಖಕ ನಾನು. ಇಲ್ಲಿ ಏನು ಬೇಕಾದರೂ ಬರೆಯಬಹುದು.

ಮುಕ್ತಾಯ ಅ: ಪರದೆಯಲ್ಲಿ ನೂರಾಹದಿನೇಳು. ತಂಗಿ ಬೋರ್ಡಿಗೂ ಪರದೆಗೂ ತಾಳೆಯಾಗದೆ, ತಲೆ ಕೊಡವಿ, ಓಡಿಸುತ್ತಲೇ ಹೋಗುತ್ತಾಳೆ. ಹಿಂದಿನ ನೇರ ದಾರಿಯಲ್ಲಿ ಬಿಳಿ ಆವಿ. ಅತ್ತಿಗೆಯೂ ನಾದಿನಿಯೂ ಒಬ್ಬರನ್ನೊಬ್ಬರು ತಬ್ಬಿ ಅಳುತ್ತಾರೆ. ತುಂಬ ಮನಕಲಕುತ್ತದೆ, ಪತ್ರಿಕೆಯವರು ಕಣ್ಣುಮುಚ್ಚಿ ಹಾಕುತ್ತಾರೆ.

ಮುಕ್ತಾಯ ಆ: ಪರದೆಯಲ್ಲಿ ಸರಿಯಾಗಿ ನೂರಾಹದಿನೈದು. ಆದರೂ ಎತ್ತುವುದಿಲ್ಲ, ಆ ಸುತ್ತಿನಲ್ಲೇ ಒಂದು ಐವತ್ತೊಂಬತ್ತು ಹೊಡೆದು, ಎಂಜಿನ್ನೂ ಉಳಿದು, ಎಲ್ಲರೂ ಚಪ್ಪಾಳೆ.

"ಒಂದೇ ಸುತ್ತಿಗೆ ನಾಲ್ಕು ಡಿಗ್ರಿ ಏರೋ ಗಾಡಿ ಅದು," ಅಂದಳು ಹೆಂಡತಿ ಇದನ್ನು ಓದಿ. "ನೂರಾಹದಿನೈದಕ್ಕೆ ನಾಲ್ಕು ಸೇರಿಸಿದ್ರೆ ಎಷ್ಟಾಗುತ್ತೆ? ಎಂಜಿನ್ ಹೇಗೆ ಉಳಿಯುತ್ತೆ? ಕಥೆ ಸುಂದರವಾಗಲಿ ಅಂತ ಅಂಕಿ ತಿದ್ದಬೇಡಿ ರೀ. ನಾನು ಒಂದ್ಸಲ ತಿದ್ದಿ ಸಾಕಾಗಿದೆ."

ಸರಿ. ತಿದ್ದುವುದಿಲ್ಲ. ಆಗಿದ್ದನ್ನೇ ಹೇಳುತ್ತೇನೆ.

12

ಪರದೆ ನಮಗೆ ಕಾಣುವುದಿಲ್ಲ. ಕಿವಿಯೊಂದೇ ಗತಿ. ಇಬ್ಬರೂ ಗೋಡೆಗೆ ಆತು ನಿಂತು ಕೇಳುತ್ತಿದ್ದೆವು. ಮೊದಲ ತಿರುವು, ಗಾಡಿ ಕಿರುಚುತ್ತಲೇ ಇತ್ತು. ಎರಡನೆಯ ತಿರುವು, ಕಿರುಚುತ್ತಲೇ ಇತ್ತು. ಹೆಂಡತಿಯ ಉಗುರು ನನ್ನ ಮಣಿಕಟ್ಟಿನಲ್ಲಿ ಇಳಿದಿತ್ತು, ನೋವು ಗೊತ್ತಾಗಲಿಲ್ಲ. ಮರಗಳ ಹಿಂದೆ, ನೇರ ದಾರಿಯ ಶುರುವಿನಲ್ಲಿ, ಐದು ಸಾವಿರ, ಆರು ಸಾವಿರ, ಆರೂವರೆ...

ಸದ್ದು ಇಳಿಯಿತು.

ಸ್ವಲ್ಪವಲ್ಲ, ಪೂರ್ತಿ. ಟಾಪ್ ಗೇರಿನಲ್ಲಿ ಮೆಲ್ಲಗೆ, ಶಾಲಾ ವ್ಯಾನಿನ ಹಾಗೆ, ಗಾಳಿ ಮಾತ್ರ ಚೆನ್ನಾಗಿ ನುಗ್ಗುವಷ್ಟು ವೇಗದಲ್ಲಿ ಗಾಡಿ ಬರುತ್ತಿತ್ತು. ಎರಡೂ ಕಿಟಕಿ ತೆರೆದಿದ್ದವು.

"ಓದಿದ್ಳು!" ಹೆಂಡತಿ ಕಿರುಚಿದಳು. "ಓದಿದ್ಳು ಕಣ್ರೀ, ಓದಿದ್ಳು! ನೂರಾಹದಿನೈದೇ ಇತ್ತು!" ಪಕ್ಕದ ತಂಡದ ಮೆಕ್ಯಾನಿಕ್ ಬೆಚ್ಚಿ ಸ್ಪ್ಯಾನರ್ ಬೀಳಿಸಿದ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ, ಮೂಗು ಮಾತ್ರ ಸೋರುತ್ತಿತ್ತು.

ಆ ತಣಿಸುವ ಸುತ್ತಿಗೆ ಎರಡೂಮುಕ್ಕಾಲು ನಿಮಿಷ ಹೋಯಿತು. ಗಡಿಯಾರದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು, ಸರಿಯಾಗಿ ಒಂದು ಸುತ್ತು ಶುರು ಮಾಡುವಷ್ಟು. ಕೊನೆಯ ತಿರುವಿಗೆ ಬರುತ್ತಿದ್ದಂತೆ ತಂಗಿ ಕಾಲೊತ್ತಿದಳು, ಗೆರೆ ದಾಟುವಾಗ ಗಾಡಿ ಆಗಲೇ ಕಿರುಚುತ್ತಿತ್ತು. ಹೆಂಡತಿ ಬೋರ್ಡಿನಲ್ಲಿ ಏನೂ ಸಿಕ್ಕಿಸದೆ, ಖಾಲಿ ಹಲಗೆಯನ್ನೇ ಎತ್ತಿ ಹಿಡಿದು ಕುಣಿಯುತ್ತಿದ್ದಳು.

ಆ ಸುತ್ತನ್ನು ನಾನು ವರ್ಣಿಸುವುದಿಲ್ಲ. ನೋಡಲೇ ಇಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಗಾಡಿ ಗೆರೆ ದಾಟಿದ್ದು ಕೇಳಿಸಿತು. ಧ್ವಜ ಪಟಪಟ ಅಂದದ್ದು ಕೇಳಿಸಿತು. ಮೇಷ್ಟ್ರು ಈ ಸಲ ಕೂಗಲಿಲ್ಲ. ಸ್ಟಾಪ್‌ವಾಚನ್ನು ಒಂದು ಸಲ, ಕಂಪ್ಯೂಟರನ್ನು ಒಂದು ಸಲ ನೋಡಿ, ಚೀಟಿಯಲ್ಲಿ ಬರೆದು ಮಡಿಸಿದರು.

13

ಗಾಡಿ ಒಳಗೆ ಬಂತು. ಹೆಂಡತಿ ಮೊದಲು ಓಡಿದ್ದು ಬಾನೆಟ್ಟಿಗೆ. ಪಕ್ಕದ ನೀರಿನ ಬಾಟಲಿಯಲ್ಲಿ ಗುಳ್ಳೆ ಏಳುತ್ತಿದೆಯೇ ನೋಡಿದಳು. ಇಲ್ಲ. ಎಣ್ಣೆಯ ಕಡ್ಡಿ ಎಳೆದು ನೋಡಿದಳು. ನೀರು ಬೆರೆತಿಲ್ಲ. ಎಂಜಿನ್ ಗಂಟಲು ಕಟ್ಟಿದ ದನಿಯಲ್ಲೇ ಆರಾಮಾಗಿ ಗೊಣಗುತ್ತಿತ್ತು. ಎಂಜಿನ್ ಉಳಿದಿತ್ತು. ಇದನ್ನು ಮಾತ್ರ ನಾನು ಬಲ್ಲೆ.

ತಂಗಿ ಹೆಲ್ಮೆಟ್ ತೆಗೆದಳು. ಸಮಯ ಎಷ್ಟು ಅಂತ ಕೇಳಲಿಲ್ಲ.

"ಅತ್ತಿಗೆ, ಯಾವಾಗ ತೆಗೆದ್ರಿ?"

"ಇವತ್ತು ಬೆಳಿಗ್ಗೆ. ನಿನಗೆ ಯಾವಾಗ ಗೊತ್ತಾಯ್ತು?"

"ಎರಡನೇ ತಿಂಗಳಲ್ಲಿ."

"ಮೂರು ವರ್ಷ ಕಳೀತಾ ಬಂದ್ಯಾ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ನೀವು ಒಂದು ಮಾತು ಹೇಳಬಾರದಿತ್ತಾ?"

ಇಬ್ಬರೂ ನಗಲು ಶುರು ಮಾಡಿದರು. ನಗುತ್ತಾ ನಗುತ್ತಾ ತಂಗಿ ಬೋರ್ಡಿನ ಕಡೆ ನೋಡಿದಳು, ಅತ್ತಿಗೆಯ ಕಡೆ ನೋಡಿದಳು.

"ಇರಿ, ಇರಿ. ನಾನು ಕಳೀತೀನಿ ಅಂತ ನಿಮಗೆ ಓಡ್ತಿರೋವಾಗ ಯಾರು ಹೇಳಿದ್ರು?"

ನಗು ನಿಂತಿತು. ಇಬ್ಬರೂ ತಿರುಗಿ ನನ್ನನ್ನು ನೋಡಿದರು.

ಅಷ್ಟರಲ್ಲಿ ಮೇಷ್ಟ್ರು ಚೀಟಿ ಹಿಡಿದು ಬಂದರು. ಪುಣ್ಯಾತ್ಮರು, ಸರಿಯಾದ ಸಮಯಕ್ಕೆ ಬಂದರು ಅಂದುಕೊಂಡೆ. ತಂಗಿ ಚೀಟಿ ತೆಗೆದುಕೊಂಡಳು. ಬಿಡಿಸಿದಳು. ಅತ್ತಿಗೆಗೆ ತೋರಿಸಿದಳು. ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದಳು. ಇಬ್ಬರೂ ತಬ್ಬಿಕೊಂಡರು. ಆ ತಬ್ಬುವಿಕೆಯನ್ನು ಹತ್ತಿರದಿಂದ ನೋಡಿದ್ದೇನೆ, ಆಣೆ ಮಾಡಿ ಹೇಳುತ್ತೇನೆ, ಅದು ಗೆದ್ದವರದೂ ಆಗಬಹುದು, ಕೂದಲೆಳೆಯಲ್ಲಿ ತಪ್ಪಿದವರದೂ ಆಗಬಹುದು.

"ಎಷ್ಟೇ? ಎಷ್ಟು?" ನಾನು ಕೈ ಚಾಚಿದೆ.

ತಂಗಿ ಚೀಟಿಯನ್ನು ಮಡಿಸಿ ಸೂಟಿನೊಳಗೆ ಹಾಕಿ ಜಿಪ್ ಎಳೆದಳು.

"ಬರೆಯೋನು ನೀನಲ್ವಾ ಅಣ್ಣಾ? ನೀನೇ ಬರ್ಕೋ."

14

ಬರೆದು ನೋಡಿದೆ. 1:59.8 ಅಂದೆ. ಇಬ್ಬರೂ ಮುಖಮುಖ ನೋಡಿಕೊಂಡರು. 1:58.3 ಅಂದೆ, ಹೆಂಡತಿ ಹುಬ್ಬು ಹಾರಿಸಿದಳು. 2:00.01 ಅಂದೆ, ತಂಗಿ ಬಿದ್ದೂಬಿದ್ದೂ ನಕ್ಕಳು. ಯಾವ ನಗು ಅದು? ಕ್ಲಬ್ಬಿನ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಹಾಕಿದ್ದಾರೆ, ಹೋಗಿ ನೋಡಬಹುದು. ನೋಡಿದರೆ ಇನ್ನು ಗ್ಯಾರೇಜಿಗೆ ಕಾಲಿಡಕೂಡದು ಎಂದು ಷರತ್ತು. ರೇಸಿಗೆ ಇನ್ನೂ ಮೂರು ವಾರವಿದೆ.

ಕ್ಷಮಿಸಿ ಅಂತ ಇಬ್ಬರಿಗೂ ಹೇಳಿದ್ದೇನೆ. ಈ ಕಥೆಯಲ್ಲಲ್ಲ, ಬಾಯಲ್ಲಿ. ಇಬ್ಬರೂ "ಹೂಂ" ಅಂದರು. ಅದೂ ಯಾವ ಹೂಂ ಎಂದು ತಿಳಿಯಲಿಲ್ಲ.

ಈಗ, ಇದನ್ನು ಬರೆಯುತ್ತಿರುವಾಗ, ಗ್ಯಾರೇಜಿನ ಬಾಗಿಲು ಒಳಗಿನಿಂದ ಹಾಕಿದೆ. ಇಬ್ಬರೂ ಬೆಳಿಗ್ಗೆಯಿಂದ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡಿದ್ದಾರೆ. ರೇಸಿಗೆ ಸಜ್ಜು ಮಾಡುತ್ತಿದ್ದಾರೋ, ಸುಮ್ಮನೆ ಗಾಡಿ ತೊಳೆದು ಮುಚ್ಚಿಡುತ್ತಿದ್ದಾರೋ, ಕಿವಿಗೊಟ್ಟರೂ ಗೊತ್ತಾಗುತ್ತಿಲ್ಲ. ಬಾಗಿಲು ಬಡಿದೆ. ತಂಗಿ ಒಂದು ಗೇಣು ತೆರೆದು ತಲೆ ಹೊರಹಾಕಿದಳು, ಕೆನ್ನೆಗೆಲ್ಲ ಮಸಿ.

"ಏನಣ್ಣಾ, ಕಥೆ ಮುಗೀತಾ?"

"ಹೇಗೆ ಮುಗಿಯುತ್ತೆ? ನೀನು ಆ ಒಂದು ಅಂಕಿ ಹೇಳಿದ್ರೆ ಮುಗಿಯುತ್ತೆ. ಓದೋರು ಕಾಯ್ತಾ ಇದಾರೆ ಕಣೇ."

ಅವಳು ಕೆನ್ನೆಯ ಮಸಿ ಒರೆಸಿಕೊಂಡಳು. ಕಣ್ಣಲ್ಲಿ ಕೋಪವಿರಲಿಲ್ಲ, ಖುಷಿ ತುಂಬಿ ತುಳುಕುತ್ತಿತ್ತು.

"ಗೊತ್ತಿದ್ದೂ ಹೇಳ್ದೇ ಇರೋದು ಎಷ್ಟು ಮಜಾ ಇರುತ್ತೆ ಅಲ್ವಾ?" ಅಂದು ಬಾಗಿಲು ಹಾಕಿಕೊಂಡಳು.